ಹಣೆಯಿಂದ ಇಳಿದು ಬಂದ ಮೂಗು



ವೈದ್ಯಕೀಯದ ಒಂದು ವಿಷಯವನ್ನು ವೈದ್ಯರಲ್ಲದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿಸಬೇಕು ಎಂಬುದು ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಆಶಯ. ಅದಕ್ಕಾಗಿ ನಾನು ಮೂಗು ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡಿದ್ದೇನೆ. ಇರುವ ಮೂಗನ್ನು ಚಂದ ಮಾಡುವ ಆಪರೇಷನ್ ಬೇರೆ, ಅದರ ಮಾತು ಇಲ್ಲಿಲ್ಲ. ಕಳೆದುಹೋದ ಮೂಗನ್ನು ಅದೇ ಮನುಷ್ಯನ ಹಣೆಯ ಅಥವಾ ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟಿಕೊಡುವ ಕೆಲಸ ಇದು.

ಇಂದಿನ ದಿನಗಳಲ್ಲಿ ಮೂಗು ಕಳೆದುಕೊಳ್ಳುವವರು ಯಾರು ಎಂದು ನೀವು ಕೇಳಬಹುದು. ನಮ್ಮ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಅವರು ಬಂದು ಕೂರುತ್ತಾರೆ. ಮೂಗಿನ ಮೇಲೆ ಚರ್ಮದ ಕ್ಯಾನ್ಸರ್ ಆದವರು, ಬೈಕಿನಿಂದ ಬಿದ್ದು ಮುಖ ಒರೆಸಿಹೋದವರು, ನಾಯಿ ಕಚ್ಚಿದ ಮಕ್ಕಳು. ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ಕುರುಚಲು ಗುಡ್ಡಗಳ ಅಂಚಿನ ಊರುಗಳಿಂದ ಬರುವ, ಕರಡಿಯ ಉಗುರಿಗೆ ಸಿಕ್ಕವರು. ಕರಡಿ ಎದ್ದು ನಿಂತು ಹೊಡೆಯುವುದು ಹೆಚ್ಚಾಗಿ ಮುಖಕ್ಕೇ. ಗಂಡನೇ ಕೊಯ್ದ ಅಥವಾ ಕಚ್ಚಿ ಕಿತ್ತ ಮೂಗಿನ ಹೆಂಗಸರೂ ಬರುತ್ತಾರೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ತಪ್ಪಾಗುತ್ತದೆ. ಗಂಡಸಾದರೆ ಟವೆಲು, ಹೆಂಗಸಾದರೆ ಸೆರಗು ಕಣ್ಣಿನ ಕೆಳಗೆ ಬಿಗಿದಿರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಮನೆಯೊಳಗೇ ಇದ್ದು ಬಂದವರು. ಅವರ ಬಾಯಿಂದ ನಾನು ಪದೇ ಪದೇ ಕೇಳಿದ ಮಾತು ಒಂದೇ: "ಇದಕ್ಕೆ ಆಪರೇಷನ್ ಐತೆ ಅಂತ ಯಾರೂ ಹೇಳ್ಲಿಲ್ಲ ಸಾರ್."

ಈ ಆಪರೇಷನ್ ನಮ್ಮದೇ ನೆಲದಲ್ಲಿ 300 ವರ್ಷಗಳಿಗೂ ಹಿಂದೆ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಆ ಮಾತು ಇನ್ನಷ್ಟು ನೋಯಿಸುತ್ತದೆ. ವಿದ್ಯೆ ಇತ್ತು, ಬೇಕಾದವರಿಗೆ ಅದರ ಸುದ್ದಿ ಮುಟ್ಟಲಿಲ್ಲ. ಆಗಲೂ ಹಾಗೆ, ಈಗಲೂ ಹಾಗೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಮೊದಲು ವಿಜಯಪುರಕ್ಕೆ, ಅಂದರೆ ಅಂದಿನ ಬಿಜಾಪುರಕ್ಕೆ ಹೋಗೋಣ. ಇಟಲಿಯ ವೆನಿಸ್‌ನಿಂದ ಹುಡುಗನಾಗಿದ್ದಾಗಲೇ ಹಿಂದುಸ್ಥಾನಕ್ಕೆ ಬಂದು ಇಲ್ಲೇ ಬಾಳಿದ ನಿಕೊಲಾವೋ ಮನುಚ್ಚಿ ಎಂಬಾತ ಮೊಗಲರ ಕಾಲದ ವಿವರವಾದ ಚರಿತ್ರೆಯೊಂದನ್ನು ಬರೆದಿದ್ದಾನೆ. ಔರಂಗಜೇಬನ ಸೈನ್ಯ ಬಿಜಾಪುರದ ಆದಿಲಶಾಹಿಯ ಮೇಲೆ ಬಿದ್ದ ಕಾಲದ ಒಂದು ಸಂಗತಿ ಅದರಲ್ಲಿದೆ. ಮೊಗಲ್ ಪಾಳೆಯದಿಂದ ಹುಲ್ಲಿಗೋ ಮೇವಿಗೋ ಹೊರಟ ಬಡ ಆಳುಗಳು ಬಿಜಾಪುರದವರ ಕೈಗೆ ಸಿಕ್ಕರೆ, ಅವರನ್ನು ಕೊಲ್ಲದೆ ಮೂಗು ಕೊಯ್ದು ಕಳಿಸುತ್ತಿದ್ದರು. ರಕ್ತ ಸುರಿಸುತ್ತ ಪಾಳೆಯಕ್ಕೆ ಮರಳಿದವರಿಗೆ ಈ ದೇಶದ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಬಿಡಿಸಿ, ಅದನ್ನು ತಿರುಚಿ, ಹಸಿ ಮಾಂಸಕ್ಕೆ ಹಸಿ ಮಾಂಸ ತಾಗುವಂತೆ ಮೂಗಿನ ಗಾಯದ ಮೇಲೆ ಇಳಿಸುತ್ತಿದ್ದರು. ಹೀಗೆ ಮೂಗು ಪಡೆದ ಹಲವರನ್ನು ತಾನು ನೋಡಿದ್ದೇನೆ ಎನ್ನುತ್ತಾನೆ ಮನುಚ್ಚಿ. ಮೂಗೇ ಇಲ್ಲದವರಷ್ಟು ವಿಕಾರವಾಗಿ ಅವರು ಕಾಣುತ್ತಿರಲಿಲ್ಲ, ಹುಬ್ಬುಗಳ ನಡುವೆ ಕೊಯ್ದ ಗುರುತು ಮಾತ್ರ ಉಳಿದಿರುತ್ತಿತ್ತು ಎಂದೂ ಬರೆದಿದ್ದಾನೆ. ಬಿಜಾಪುರ ಔರಂಗಜೇಬನ ವಶವಾದದ್ದು 1686ರಲ್ಲಿ. ಮನುಚ್ಚಿ ಹೇಳಿದ ಆ ಗುರುತು ಇವತ್ತಿನ ನಮ್ಮ ರೋಗಿಗಳ ಹುಬ್ಬುಗಳ ನಡುವೆಯೂ ಅದೇ ಜಾಗದಲ್ಲಿ ಇರುತ್ತದೆ.

ಮೂಗು ಕೊಯ್ಯುವ ಕ್ರೌರ್ಯವನ್ನು ಬಿಜಾಪುರದವರ ತಲೆಗೆ ಮಾತ್ರ ಕಟ್ಟುವ ಹಾಗಿಲ್ಲ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನ ಸೈನ್ಯ ಮಧುರೆಯ ತಿರುಮಲ ನಾಯಕನ ನಾಡಿಗೆ ನುಗ್ಗಿದಾಗ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಮೂಗು ಕೊಯ್ದ ಸಂಗತಿ ಅಂದಿನ ಜೆಸುಯಿಟ್ ಪಾದ್ರಿಗಳ ಪತ್ರಗಳಲ್ಲಿ ದಾಖಲಾಗಿದೆ. ಮಧುರೆಯವರು ಅದಕ್ಕೆ ಅದೇ ರೀತಿ ಸೇಡು ತೀರಿಸಿಕೊಂಡರು. ತಮಿಳುನಾಡಿನ ಚರಿತ್ರೆಯಲ್ಲಿ ಅದನ್ನು ಇವತ್ತಿಗೂ ಮೂಗು ಕೊಯ್ದ ಯುದ್ಧ ಎಂದೇ ಕರೆಯುತ್ತಾರೆ. ಕೊಲ್ಲುವುದಕ್ಕಿಂತ ಮಾನ ಕಳೆಯುವುದು ದೊಡ್ಡ ಶಿಕ್ಷೆ ಎಂದು ಬಗೆದ ಕಾಲ ಅದು. ಮೂಗು ಕೊಯ್ಯುವವರು ಅಷ್ಟು ಜನ ಇದ್ದದ್ದರಿಂದಲೇ ಮೂಗು ಕಟ್ಟುವವರ ಕೈಯೂ ಇಲ್ಲಿ ಪಳಗಿತು. ಶಸ್ತ್ರವಿದ್ಯೆ ಬೆಳೆದ ಬಗೆಯಲ್ಲಿ ಇಂಥ ದುಃಖದ ಲೆಕ್ಕ ಯಾವಾಗಲೂ ಇದ್ದೇ ಇರುತ್ತದೆ.

ಮನುಚ್ಚಿಯ ಹಸ್ತಪ್ರತಿಗೆ ಏನಾಯಿತೆಂಬುದನ್ನೂ ಹೇಳಬೇಕು. ವಿಲಿಯಂ ಇರ್ವಿನ್ ಎಂಬ ವಿದ್ವಾಂಸರು ಅದನ್ನು ಇಂಗ್ಲಿಷಿಗೆ ಅನುವಾದಿಸಿ ಸಂಪುಟಗಳಾಗಿ ಹೊರತಂದದ್ದು 1907ರಿಂದೀಚೆಗೆ. ಅಲ್ಲಿಯವರೆಗೆ ಬಿಜಾಪುರದ ವೈದ್ಯರ ಕೈಚಳಕದ ವರ್ಣನೆ 200 ವರ್ಷ ಶಸ್ತ್ರವೈದ್ಯರ ಕಣ್ಣಿಗೆ ಬೀಳದೆ ಉಳಿಯಿತು.

ಲೋಕಕ್ಕೆ ಸುದ್ದಿ ಮುಟ್ಟಿಸಿದ್ದು ಇನ್ನೊಂದು ಘಟನೆ. ಅದರ ಬೇರು ಶ್ರೀರಂಗಪಟ್ಟಣದಲ್ಲಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ರೈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೆ ಕಳೆದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಮೂಗು ಕಟ್ಟಿದ. ಬೊಂಬಾಯಿ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಈ ಬಗೆಯ ಆಪರೇಷನ್ನನ್ನು ಕಣ್ಣಾರೆ ನೋಡಿದ್ದರು. ಆಪರೇಷನ್ ಆಗಿ ಹತ್ತು ತಿಂಗಳ ನಂತರ, 1794ರ ಜನವರಿಯಲ್ಲಿ, ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಕಾವಸ್‌ಜಿಯ ಮುಖವನ್ನು ಬರೆದ. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ ಚಿತ್ರದ ಸಮೇತ ಒಂದು ಪತ್ರ ಅಚ್ಚಾಯಿತು. ಬರೆದವರ ಹೆಸರಿನ ಜಾಗದಲ್ಲಿ ಬಿ.ಎಲ್. ಎಂಬ ಎರಡು ಅಕ್ಷರ ಮಾತ್ರ ಇತ್ತು.

ಆ ಪತ್ರದಲ್ಲಿರುವ ವಿಧಾನ ಹೀಗಿದೆ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಬುಡಕ್ಕೆ ಕೂರಿಸಿ ಒಳ್ಳೆಯ ಮೂಗಿನ ಆಕಾರ ಮಾಡಿಕೊಳ್ಳುತ್ತಾರೆ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಕತ್ತರಿಸದೆ ಉಳಿಸಿಕೊಳ್ಳುತ್ತಾರೆ. ಹಳೆಯ ಮೂಗಿನ ಕಲೆಯನ್ನು ಕೆತ್ತಿ ಹಸಿ ಮಾಡಿ, ಅದರ ಸುತ್ತ ಮೇಲ್ತುಟಿಯವರೆಗೆ ಸೀಳು ಕೊಟ್ಟು, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ತಂದು ಆ ಸೀಳಿನೊಳಗೆ ಸೇರಿಸುತ್ತಾರೆ. ಹೊಲಿಗೆಯೇ ಇಲ್ಲ! ಕಾಚನ್ನು ನೀರಿನಲ್ಲಿ ಕಲಸಿ, ಬಟ್ಟೆಯ ಪಟ್ಟಿಗಳಿಗೆ ಹಚ್ಚಿ, ಐದಾರು ಪದರ ಅಂಟಿಸುತ್ತಾರೆ. ನಾಲ್ಕು ದಿನ ಅದನ್ನು ಮುಟ್ಟುವುದಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಮೂಗಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆ ಬಟ್ಟೆಯನ್ನು ತುರುಕುತ್ತಾರೆ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುತ್ತಾರೆ.

ಈ ವಿವರವನ್ನು ನಾನು ಪ್ರತಿ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. ಅಚ್ಚು ತೆಗೆಯುವುದು, ಕಣ್ಣುಗಳ ನಡುವಿನ ಆ ಪಟ್ಟಿಯನ್ನು ಅಂದರೆ ತೊಟ್ಟನ್ನು ಉಳಿಸುವುದು, ಅಂಚನ್ನು ಹಸಿ ಮಾಡುವುದು, ಮೂರು ವಾರಕ್ಕಿಂತ ಮೊದಲು ತೊಟ್ಟು ಕತ್ತರಿಸದಿರುವುದು, ಇವೆಲ್ಲ ಇಂದಿನ ನಮ್ಮ ಪಠ್ಯಪುಸ್ತಕಗಳಲ್ಲೂ ಇವೆ. ಮೂಗು ಕಳೆದುಕೊಂಡವನ ಹೆಸರು ನಮಗೆ ಗೊತ್ತು, ಚಿತ್ರ ಬರೆದವನ ಹೆಸರೂ ಗೊತ್ತು. ಮೂಗು ಕಟ್ಟಿದವನ ಕುಲವನ್ನಷ್ಟೇ ಪತ್ರ ಹೇಳುತ್ತದೆ, ಹೆಸರಿಲ್ಲ. ಇದು ನನ್ನನ್ನು ಬಹಳ ಕಾಡಿದ ಸಂಗತಿ.

ಇಲ್ಲಿ ಸುಶ್ರುತನ ಮಾತು ಬರಲೇಬೇಕು. ಸುಶ್ರುತ ಹಣೆಯ ಚರ್ಮದಿಂದ ಮೂಗು ಮಾಡಿದ ಎಂದು ಭಾಷಣಗಳಲ್ಲಿ ಹೇಳುವುದುಂಟು. ಗ್ರಂಥದಲ್ಲಿ ಇರುವುದು ಹಾಗಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ, ಮೂಗಿನ ಅಳತೆಗೆ ತಕ್ಕ ಎಲೆಯನ್ನು ಇಟ್ಟು ಅಷ್ಟು ಚರ್ಮವನ್ನು ಕೆನ್ನೆಯ ಪಕ್ಕದಿಂದ ತೆಗೆಯಬೇಕು ಎಂದಿದೆ. ಮೂಗಿನ ತುದಿಯನ್ನು ಕೆತ್ತಿ ಹಸಿ ಮಾಡಿ ಬೇಗನೆ ಜೋಡಿಸಬೇಕು, ಉಸಿರಾಟಕ್ಕೆ ಎರಡು ನಾಳಗಳನ್ನು ಇಡಬೇಕು, ಜ್ಯೇಷ್ಠಮಧು ಮೊದಲಾದವುಗಳ ಪುಡಿ ಉದುರಿಸಿ, ಬಿಳಿ ಹತ್ತಿ ಮುಚ್ಚಿ, ಆಗಾಗ ಎಳ್ಳೆಣ್ಣೆ ಚಿಮುಕಿಸಬೇಕು. ಅದೇ ಅಧ್ಯಾಯದಲ್ಲಿ ಹರಿದ ಕಿವಿಯ ಹಾಲೆಯನ್ನು ಕಟ್ಟುವ ಮಾತೂ ಬರುತ್ತದೆ. ಅಲ್ಲಿ ಕೆನ್ನೆಯಿಂದ ಎತ್ತಿದ ಮಾಂಸ ತನ್ನ ನೆಲೆಯ ಸಂಬಂಧ ಕಡಿದುಕೊಳ್ಳದೆ, ಜೀವಂತವಾಗಿಯೇ ಇರಬೇಕು ಎಂಬ ಷರತ್ತಿದೆ. ಪ್ಲಾಸ್ಟಿಕ್ ಸರ್ಜರಿಯ ಇಡೀ ಕಟ್ಟಡ ಆ ಒಂದು ಷರತ್ತಿನ ಮೇಲೆ ನಿಂತಿದೆ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ.

ಹಾಗಾದರೆ ಕೆನ್ನೆಯಿಂದ ಹಣೆಗೆ ಬಂದದ್ದು ಹೇಗೆ? ಅದು ಕೈಕಸುಬಿನವರ ಸಾಧನೆ ಎಂಬುದು ನನ್ನ ತಿಳಿವಳಿಕೆ. ಗ್ರಂಥ ಓದಿದವರು ಕತ್ತಿ ಹಿಡಿಯುವುದನ್ನು ಬಿಟ್ಟರು, ಕತ್ತಿ ಹಿಡಿದವರು ಗ್ರಂಥ ಬರೆಯಲಿಲ್ಲ. ವಿದ್ಯೆ ಮನೆತನಗಳ ಒಳಗೆ ಉಳಿಯಿತು. ಹಿಮಾಚಲದ ಕಾಂಗ್ಡಾದಲ್ಲೂ ಮೂಗು ಕಟ್ಟುವ ಮನೆತನವೊಂದು ತಲೆಮಾರುಗಳ ಕಾಲ ಈ ಕೆಲಸ ಮಾಡಿತು, ಗುಟ್ಟು ಮನೆಯವರಲ್ಲೇ ಇತ್ತು. ಗುಟ್ಟಾಗಿಟ್ಟ ವಿದ್ಯೆ ಅಳಿಯಲು ಒಂದು ತಲೆಮಾರು ತಪ್ಪಿದರೆ ಸಾಕು. ಸುಶ್ರುತನ ಹೆಸರು ಹೇಳಿ ಹೆಮ್ಮೆ ಪಡುವ ನಾವು ಈ ಲೋಪವನ್ನೂ ನಮ್ಮದೆಂದೇ ಒಪ್ಪಿಕೊಳ್ಳಬೇಕು.

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಮಾಡಿದ್ದೇ ಬೇರೆ. ಲಂಡನ್ನಿನ ಪತ್ರಿಕೆಯಲ್ಲಿ ಬಂದ ಆ ಪತ್ರದ ಸುದ್ದಿ ಹಿಡಿದು ಅವರು ಹಿಂದುಸ್ಥಾನದಲ್ಲಿ ಇದ್ದು ಬಂದವರನ್ನು ವಿಚಾರಿಸಿದರು, ಹೆಣಗಳ ಮೇಲೆ ಅಭ್ಯಾಸ ಮಾಡಿದರು, ತಕ್ಕ ರೋಗಿಗಾಗಿ ಕಾದರು. 1814ರ ಅಕ್ಟೋಬರ್ 23ರಂದು ಮೊದಲ ಆಪರೇಷನ್ ಮಾಡಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ, ರೋಗಿ ಎಚ್ಚರವಾಗಿದ್ದುಕೊಂಡೇ ಹಣೆ ಕೊಯ್ಯಿಸಿಕೊಂಡ. ಎರಡನೆಯ ರೋಗಿ 1811ರ ಆಲ್ಬುವೆರಾ ಯುದ್ಧದಲ್ಲಿ ಕತ್ತಿಯ ಏಟು ತಿಂದ ಸೈನಿಕ. ಎರಡೂ ಕೂಡಿಬಂದವು. 1816ರಲ್ಲಿ ಕಾರ್ಪ್ಯೂ ಎಲ್ಲವನ್ನೂ ಚಿತ್ರಗಳ ಸಮೇತ ಪುಸ್ತಕ ಮಾಡಿ ಹೊರತಂದರು. ವಿದ್ಯೆ ಎಲ್ಲಿಂದ ಬಂತೆಂಬುದನ್ನು ಅವರು ಮುಚ್ಚಿಡಲಿಲ್ಲ. 1818ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫ ಮೂಗು ಕಟ್ಟುವ ವಿಷಯಕ್ಕೇ ಮೀಸಲಾದ ಗ್ರಂಥ ಬರೆದರು. ಯುರೋಪಿನ ಶಸ್ತ್ರವೈದ್ಯರು ಇದಕ್ಕೆ ಭಾರತೀಯ ವಿಧಾನ ಎಂದೇ ಹೆಸರಿಟ್ಟರು. ಇಂದಿಗೂ ಆ ಹೆಸರು ಪುಸ್ತಕಗಳಲ್ಲಿದೆ.

ಯುರೋಪಿಗೆ ಮೂಗು ಕಟ್ಟುವುದು ಮೊದಲೇ ಗೊತ್ತಿರಲಿಲ್ಲ ಎಂದಲ್ಲ. ಬೊಲೊನ್ಯಾದ ಗಾಸ್ಪರೆ ತಾಲ್ಯಾಕೊಟ್ಸಿ 1597ರಲ್ಲಿ ಒಂದು ದೊಡ್ಡ ಗ್ರಂಥ ಬರೆದಿದ್ದರು. ಅವರದು ತೋಳಿನ ಚರ್ಮ. ಆ ಚರ್ಮ ಮೂಗಿಗೆ ಕೂಡಿಕೊಳ್ಳುವವರೆಗೆ ರೋಗಿ ತನ್ನ ತೋಳನ್ನು ಮುಖಕ್ಕೆ ಕಟ್ಟಿಕೊಂಡು ವಾರಗಟ್ಟಲೆ ಇರಬೇಕಿತ್ತು. ಹಣೆಯ ಚರ್ಮಕ್ಕೆ ಆ ಸಂಕಟವಿಲ್ಲ. ಬಣ್ಣ, ದಪ್ಪ, ಹದ ಮೂರೂ ಮೂಗಿಗೆ ಹೊಂದುತ್ತವೆ.

ಇನ್ನು ತೊಟ್ಟಿನ ಮಾತು. ಚರ್ಮವನ್ನು ಪೂರ್ತಿ ಬಿಡಿಸಿ ಇನ್ನೊಂದು ಕಡೆ ಅಂಟಿಸಿದರೆ ಅದು ಚರ್ಮ ಕಸಿ. ಕೆಳಗಿನ ಗಾಯದಿಂದ ರಕ್ತ ಹೀರಿಕೊಂಡು ಅದು ಬದುಕಬೇಕು, ಹಾಗಾಗಿ ತೆಳ್ಳಗಿರಬೇಕು. ಮೂಗಿಗೆ ಬೇಕಾದ ದಪ್ಪ ಚರ್ಮ ಹಾಗೆ ಬದುಕುವುದು ಕಷ್ಟ. ಅದಕ್ಕೆ ತನ್ನದೇ ರಕ್ತನಾಳ ಬೇಕು. ರಕ್ತನಾಳದ ತೊಟ್ಟನ್ನು ಉಳಿಸಿಕೊಂಡು ಎತ್ತಿದ ಚರ್ಮಕ್ಕೆ ನಾವು ಫ್ಲ್ಯಾಪ್ ಎನ್ನುತ್ತೇವೆ. ಮಾವಿನ ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಮರದ ಕೊಂಬೆಯನ್ನು ಕುಂಡದ ಸಸಿಗೆ ಬಾಗಿಸಿ ಕಟ್ಟಿ, ಎರಡೂ ಬೆಸೆದುಕೊಂಡ ಮೇಲೆಯೇ ತಾಯಿಮರದಿಂದ ಕತ್ತರಿಸುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಹುಬ್ಬಿನ ಒಳತುದಿಯ ಹತ್ತಿರ, ಹಣೆಯ ನಡುಗೆರೆಯಿಂದ ಹೆಚ್ಚುಕಡಿಮೆ 2 ಸೆಂಟಿಮೀಟರ್ ದೂರದಲ್ಲಿ, ಒಂದು ಸಣ್ಣ ಅಪಧಮನಿ ಕಣ್ಣಿನ ಗೂಡಿನಿಂದ ಮೇಲೆದ್ದು ಹಣೆಗೆ ಹೋಗುತ್ತದೆ. ಒಂದೂಕಾಲು, ಒಂದೂವರೆ ಸೆಂಟಿಮೀಟರ್ ಅಗಲದ ತೊಟ್ಟಿನಲ್ಲಿ ಆ ನಾಳ ಇದ್ದರೆ ಸಾಕು, ಮೇಲಿನ ಇಡೀ ಹಣೆಯ ಪಟ್ಟಿ ಬದುಕುತ್ತದೆ. ಬಿಜಾಪುರದ ವೈದ್ಯರಿಗೂ ಪುಣೆಯ ಕಸುಬುದಾರನಿಗೂ ನಾಳದ ಹೆಸರು ಗೊತ್ತಿರಲಿಲ್ಲ, ಜಾಗ ಗೊತ್ತಿತ್ತು.

ಹಳೆಯ ವಿಧಾನಕ್ಕೆ ಒಂದು ಕೊರತೆ ಇತ್ತು. ಮೂಗೆಂದರೆ ಹೊರಗಿನ ಚರ್ಮ ಮಾತ್ರವಲ್ಲ. ಒಳಗೆ ತೇವವಿರುವ ಪೊರೆ, ನಡುವೆ ಮೂಳೆ ಮತ್ತು ಮೃದ್ವಸ್ಥಿ, ಮೇಲೆ ಚರ್ಮ, ಹೀಗೆ ಮೂರು ಪದರ. ಒಳಪದರವಿಲ್ಲದೆ ಹಣೆಯ ಚರ್ಮವನ್ನು ಬರಿದೇ ಇಳಿಸಿದರೆ ಅದರ ಒಳಮೈ ಹಸಿ ಗಾಯವಾಗಿ ಉಳಿಯುತ್ತದೆ. ಆ ಗಾಯ ಮಾಯುತ್ತ ಮಾಯುತ್ತ ಸುಕ್ಕಿ ಮೂಗನ್ನು ಒಳಗೆ ಎಳೆಯುತ್ತದೆ. ಮೊದಮೊದಲು ಚೆನ್ನಾಗಿದ್ದ ಮೂಗು ವರ್ಷದೊಳಗೆ ಗುಂಡಿಯಂತೆ ಕುಗ್ಗುತ್ತಿತ್ತು, ಹೊಳ್ಳೆ ಮುಚ್ಚುತ್ತಿತ್ತು. ಕಾಠಿಯಾವಾಡದಲ್ಲಿ ಡಕಾಯಿತರು ಮೂಗು ಕೊಯ್ಯುತ್ತಿದ್ದ ದಿನಗಳಲ್ಲಿ ಜುನಾಗಢದ ವೈದ್ಯಾಧಿಕಾರಿ ತ್ರಿಭುವನದಾಸ ಮೋತಿಚಂದ ಶಾಹ ನೂರು ಮೂಗುಗಳನ್ನು ಕಟ್ಟಿದ ಅನುಭವವನ್ನು 1889ರಲ್ಲಿ ಪುಸ್ತಕ ಮಾಡಿದರು. ಮನೆತನದ ಗುಟ್ಟಾಗಿದ್ದ ವಿದ್ಯೆಯನ್ನು ಈ ದೇಶದ ವೈದ್ಯನೊಬ್ಬ ಎಲ್ಲರ ಮುಂದೆ ತೆರೆದಿಟ್ಟದ್ದು ಅದು. ಅವರ ಹೆಸರು ನಮ್ಮ ಪ್ರತಿ ಮೆಡಿಕಲ್ ಕಾಲೇಜಿನ ಗೋಡೆಯ ಮೇಲೆ ಇರಬೇಕಿತ್ತು. ಇಂದೋರಿನ ರೆಸಿಡೆನ್ಸಿ ಸರ್ಜನ್ ಕೀಗನ್ ಅದೇ ಹೊತ್ತಿನಲ್ಲಿ ಒಳಪದರದ ಸಮಸ್ಯೆಗೆ ಕೈಹಾಕಿದರು. ಮೂಗಿನ ಬುಡದಲ್ಲಿ ಉಳಿದ ಚರ್ಮವನ್ನು ಕೆಳಮುಖವಾಗಿ ಮಗುಚಿ ಒಳಪದರ ಮಾಡಿ, ಅದರ ಮೇಲೆ ಹಣೆಯ ಚರ್ಮ ಹೊದಿಸಿದರು.

1985ರಲ್ಲಿ ಅಮೆರಿಕದ ಬರ್ಗೆಟ್ ಮತ್ತು ಮೆನಿಕ್ ಎಂಬ ಇಬ್ಬರು ಬರೆದ ಲೇಖನ ನಮ್ಮ ಕಾಲದ ದೊಡ್ಡ ತಿರುವು. ಮೂಗಿನ ಬೆನ್ನು, ಎರಡು ಪಕ್ಕಗಳು, ತುದಿ, ಎರಡು ಹೊಳ್ಳೆಗಳು, ಹೊಳ್ಳೆಗಳ ನಡುವಿನ ಕಂಬ, ತುದಿಯ ಕೆಳಗಿನ ಎರಡು ಮೆತ್ತನೆಯ ತ್ರಿಕೋನಗಳು, ಹೀಗೆ ಒಂಬತ್ತು ತುಂಡುಗಳನ್ನು ಅವರು ಗುರುತಿಸಿದರು. ನಾವು ಮುಖ ನೋಡುವಾಗ ಕಣ್ಣಿಗೆ ಬೀಳುವುದು ಈ ತುಂಡುಗಳ ನಡುವಿನ ಬೆಳಕು ನೆರಳಿನ ಗೆರೆಗಳು. ಒಂದು ತುಂಡಿನ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ಉಳಿದ ಒಳ್ಳೆಯ ಚರ್ಮವನ್ನೂ ತೆಗೆದು ಇಡೀ ತುಂಡನ್ನೇ ಹೊಸದಾಗಿ ಕಟ್ಟಬೇಕು ಎಂದರು. ಆಗ ಹೊಲಿಗೆಯ ಕಲೆ ನೆರಳಿನ ಗೆರೆಯಲ್ಲಿ ಅಡಗುತ್ತದೆ. ಒಳ್ಳೆಯ ಚರ್ಮವನ್ನು ಕತ್ತರಿಸಿ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಹೊಸ ಸರ್ಜನ್‌ಗಳ ಕೈ ಇಲ್ಲಿ ತಡೆಯುತ್ತದೆ. ಆದರೆ ಅವರು ಹೇಳಿದ್ದು ನಿಜ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಹಳ್ಳಿಯವರು, ಅರವತ್ತರ ಆಸುಪಾಸು. ಎಡ ಹೊಳ್ಳೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಗಂಟು ಎದ್ದು, ಒಡೆದು, ಮಾಯದೆ ಹರಡಿತ್ತು. ಮೂಗುಬೊಟ್ಟು ಚುಚ್ಚಿ ಆಗಿದೆ ಎಂದು ಎಣ್ಣೆ, ಅರಿಸಿನ ಹಚ್ಚಿಕೊಂಡು ಕಾಲ ಕಳೆದಿದ್ದರು. ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಎಂದು ಬಂತು. ಈ ಕ್ಯಾನ್ಸರ್ ದೇಹದ ಬೇರೆ ಕಡೆ ಹರಡುವುದು ತೀರ ಅಪರೂಪ, ಇದ್ದ ಜಾಗದಲ್ಲೇ ಕೊರೆಯುತ್ತ ಹೋಗುತ್ತದೆ. ಪೂರ್ತಿ ತೆಗೆದರೆ ವಾಸಿಯಾಗುತ್ತದೆ. ಗಂಟು ತೆಗೆದು, ಅಂಚಿನಲ್ಲಿ ರೋಗ ಉಳಿದಿಲ್ಲವೆಂದು ಪೆಥಾಲಜಿ ವರದಿ ಬರುವವರೆಗೆ ಕಾದೆವು. ಎಡ ಹೊಳ್ಳೆ ಹೋಗಿತ್ತು, ಮೂಗಿನ ತುದಿಯ ಬಹುಪಾಲೂ ಹೋಗಿತ್ತು. ಹಣೆಯ ಚರ್ಮ ತರಬೇಕು ಎಂದಾಗ ಅವರು ಕೇಳಿದರು: "ಕುಂಕುಮ ಇಡೋ ಜಾಗನೇ ಕೊಯ್ತೀರಾ ಡಾಕ್ಟ್ರೇ?" ಪಕ್ಕದಲ್ಲಿ ಕೊಯ್ಯುತ್ತೇವೆ ಅಮ್ಮ, ಮಾದ ಮೇಲೆ ಕುಂಕುಮ ಇಡಬಹುದು ಎಂದೆ. ಒಂದು ಗಳಿಗೆ ಸುಮ್ಮನಿದ್ದು, "ಮೂಗುಬೊಟ್ಟು?" ಎಂದರು. ಅದೂ ಆಗುತ್ತದೆ, ಎಲ್ಲ ಮುಗಿದು ಒಂದು ವರ್ಷ ಕಳೆಯಲಿ ಎಂದೆ. ಒಪ್ಪಿದರು.

ಆಪರೇಷನ್ ದಿನ ಮೊದಲು ಮಾಡಿದ್ದು ಅಚ್ಚು. ಮೇಣದ ಜಾಗಕ್ಕೆ ಈಗ ಹೊಲಿಗೆದಾರದ ಪೊಟ್ಟಣದ ಬೆಳ್ಳಿ ಹಾಳೆ ಬಂದಿದೆ. ಬಲ ಹೊಳ್ಳೆಯ ಮೇಲೆ ಅದನ್ನು ಒತ್ತಿ ಕತ್ತರಿಸಿ, ಮಗುಚಿ ಹಾಕಿದರೆ ಎಡ ಹೊಳ್ಳೆಯ ಅಳತೆ ಸಿಕ್ಕಿತು. ಹುಬ್ಬಿನ ಬಳಿ ಡಾಪ್ಲರ್ ಕಡ್ಡಿ ಇಟ್ಟು ನಾಳದ ಸದ್ದು ಕೇಳಿ ಚುಕ್ಕೆ ಇಟ್ಟೆವು. ಆ ಚುಕ್ಕೆಯಿಂದ ಮೇಲಕ್ಕೆ ಗೆರೆ ಎಳೆದು ಕೂದಲಿನ ಅಂಚಿನ ಹತ್ತಿರ ಅಚ್ಚನ್ನು ತಲೆಕೆಳಗಾಗಿ ಬರೆದೆವು. ಮೂಗಿನ ನಡುಗೋಡೆಯಿಂದ ಪೊರೆಯ ಪಟ್ಟಿ ತಿರುಗಿಸಿ ಒಳಪದರ ಮಾಡಿದೆವು. ಕಿವಿಯ ಬಟ್ಟಲಿನಿಂದ ಮೃದ್ವಸ್ಥಿಯ ಕಮಾನು ತೆಗೆದು ಹೊಳ್ಳೆಯ ಅಂಚಿಗೆ ಕೂರಿಸಿದೆವು. ದೇವರು ಕೊಟ್ಟ ಹೊಳ್ಳೆಯ ಅಂಚಿನಲ್ಲಿ ಮೃದ್ವಸ್ಥಿ ಇರುವುದಿಲ್ಲ, ಆದರೆ ನಾವು ಕಟ್ಟುವ ಹೊಳ್ಳೆಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಉಸಿರೆಳೆದಾಗ ಮೂಗು ಒಳಗೆ ಅಂಟಿಕೊಳ್ಳುತ್ತದೆ.

ಆಮೇಲೆ ಹಣೆಯ ಚರ್ಮ. ತುದಿಯಲ್ಲಿ ಸ್ನಾಯುವನ್ನು ಬಿಟ್ಟು ತೆಳ್ಳಗೆ ಎತ್ತಬೇಕು, ಕೆಳಗೆ ಬರುತ್ತಿದ್ದಂತೆ ಸ್ನಾಯುವನ್ನೂ ಸೇರಿಸಿಕೊಂಡು ದಪ್ಪವಾಗಿ ಎತ್ತಬೇಕು, ಹುಬ್ಬಿನ ಹತ್ತಿರ ಮೂಳೆಯ ಮೇಲಿನ ಪೊರೆಯನ್ನೂ ಜೊತೆಗೆ ತರಬೇಕು. ತಿರುಗಿಸಿ ಇಳಿಸಿದ ಮೇಲೆ ಎಲ್ಲರ ಕಣ್ಣೂ ಆ ಚರ್ಮದ ತುದಿಯ ಮೇಲೆಯೇ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಬಣ್ಣ ತುಂಬಿಕೊಳ್ಳಬೇಕು. ಬಿಳಿಯರ ಚರ್ಮ ನೋಡಿ ಬರೆದ ಪುಸ್ತಕಗಳ ಈ ಪರೀಕ್ಷೆ ನಮ್ಮ ಕಪ್ಪು ಚರ್ಮದಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೇ ಅಂಚಿಗೆ ಸೂಜಿ ಚುಚ್ಚಿ ನೋಡುತ್ತೇನೆ. ಕೆಂಪು ರಕ್ತದ ಹನಿ ನಿಧಾನವಾಗಿ ಮೂಡಿದರೆ ಚರ್ಮ ಬದುಕಿದೆ. ಕಪ್ಪು ರಕ್ತ ಬಿರುಸಾಗಿ ಬಂದರೆ ಸಿರೆ ಎಲ್ಲೋ ಒತ್ತಿಕೊಂಡಿದೆ, ಹೊಲಿಗೆ ಬಿಚ್ಚಬೇಕು. ರಕ್ತವೇ ಬಾರದಿದ್ದರೆ ತೊಟ್ಟನ್ನು ನೋಡಬೇಕು. ಆ ದಿನ ಕೆಂಪು ಹನಿಯೇ ಬಂತು. ಹಣೆಯ ಗಾಯದ ಎರಡು ಬದಿಗಳನ್ನು ಸಡಿಲಿಸಿ ಹೊಲಿದೆವು. ಕೂದಲಂಚಿನಲ್ಲಿ ಕೂಡಿಬಾರದ ಸ್ವಲ್ಪ ಜಾಗವನ್ನು ಹಾಗೆಯೇ ಬಿಟ್ಟೆವು. ಹಣೆ ಅದನ್ನು ತಾನೇ ತುಂಬಿಕೊಳ್ಳುತ್ತದೆ.

ಇದಾದ ಮೇಲಿನ ಮೂರು ವಾರ ರೋಗಿಗೂ ಮನೆಯವರಿಗೂ ಬಲು ಕಷ್ಟದ ಕಾಲ. ಹುಬ್ಬಿನಿಂದ ಮೂಗಿನ ತುದಿಗೆ ಚರ್ಮದ ಸೇತುವೆ ಇಳಿದಿರುತ್ತದೆ, ಕೆಳಮೈ ಹಸಿಯಾಗಿ ರಕ್ತ ಜಿನುಗುತ್ತದೆ, ಕನ್ನಡಕ ಹಾಕುವಂತಿಲ್ಲ, ಮೊಮ್ಮಕ್ಕಳು ಹತ್ತಿರ ಬರಲು ಹೆದರುತ್ತಾರೆ. ಆಪರೇಷನ್‌ಗೆ ಮುಂಚೆಯೇ ಚೆನ್ನಾಗಿತ್ತು ಎಂದು ನೆಂಟರು ಹೇಳುತ್ತಾರೆ. ಇದನ್ನೆಲ್ಲ ಮೊದಲೇ ಫೋಟೋ ತೋರಿಸಿ ಮನೆಯವರಿಗೆ ಹೇಳದ ಸರ್ಜನ್ ತನ್ನ ಕೆಲಸವನ್ನು ಅರ್ಧ ಮಾಡಿದಂತೆ. ಬೀಡಿ ಸಿಗರೇಟು ಸೇದುವವರು ವಾರಗಳ ಮೊದಲೇ ಬಿಡಬೇಕು. ನಿಕೋಟಿನ್‌ನಿಂದ ಸಣ್ಣ ರಕ್ತನಾಳಗಳು ಮುದುಡಿದರೆ ಚರ್ಮದ ತುದಿ ಕಪ್ಪಾಗಿ ಸಾಯುತ್ತದೆ. ಮೂರು ವಾರಕ್ಕೆ ಹೊಸ ರಕ್ತನಾಳಗಳು ಮೂಗಿನ ಅಂಚಿನಿಂದ ಚರ್ಮದೊಳಗೆ ಬೆಳೆದಿರುತ್ತವೆ. ಆಗ ಸೇತುವೆಯನ್ನು ಕತ್ತರಿಸಬಹುದು. ಮೆನಿಕ್ ಅವರ ದಾರಿಯಲ್ಲಿ ನಡೆಯುವವರು ಆಗ ಕತ್ತರಿಸದೆ, ಚರ್ಮವನ್ನು ಮತ್ತೆ ಎತ್ತಿ ತೆಳ್ಳಗೆ ಮಾಡಿ ಕೂರಿಸಿ, ಇನ್ನೂ ಮೂರು ವಾರ ಕಾದು ಕತ್ತರಿಸುತ್ತಾರೆ. ದೊಡ್ಡ ಮೂಗುಗಳಲ್ಲಿ ನನಗೂ ಈಗ ಅದೇ ಸರಿ ಎನ್ನಿಸುತ್ತದೆ.

ಎಲ್ಲ ಗಾಯಕ್ಕೂ ಹಣೆ ಕೊಯ್ಯಬೇಕಾಗಿಲ್ಲ. ಮೂಗಿನ ಮೇಲ್ಭಾಗದ ಚರ್ಮ ತೆಳ್ಳಗೆ, ಸಡಿಲ. ಸಣ್ಣ ಗಾಯವನ್ನು ಅಕ್ಕಪಕ್ಕದಿಂದ ಎಳೆದು ಹೊಲಿಯಬಹುದು. ತುದಿಯ ಚರ್ಮ ದಪ್ಪ, ಜಿಡ್ಡುಗ್ರಂಥಿಗಳಿಂದ ತುಂಬಿದ್ದು, ಎಳೆದರೆ ಬರುವುದಿಲ್ಲ. ಅಲ್ಲಿ ಒಂದು, ಒಂದೂವರೆ ಸೆಂಟಿಮೀಟರ್ ಗಾಯಕ್ಕೆ ಎರಡು ಎಸಳಿನ ಫ್ಲ್ಯಾಪ್ ಇದೆ. ಡಚ್ ಸರ್ಜನ್ ಎಸರ್ 1918ರಲ್ಲಿ ಬರೆದದ್ದು, ಜಿಟೆಲಿ 1989ರಲ್ಲಿ ತಿದ್ದಿದ್ದು. ಮೊದಲ ಎಸಳು ಗಾಯ ಮುಚ್ಚುತ್ತದೆ, ಎರಡನೆಯದು ಮೊದಲನೆಯದರ ಜಾಗ ಮುಚ್ಚುತ್ತದೆ. ಹೊಳ್ಳೆಯ ಗಾಯಕ್ಕೆ ಮೂಗಿನಿಂದ ತುಟಿಯ ಮೂಲೆಗೆ ಇಳಿಯುವ ಗೆರೆಯ ಪಕ್ಕದ ಕೆನ್ನೆಯ ಚರ್ಮ ಹೊಂದುತ್ತದೆ, ಕಲೆ ಆ ಗೆರ‍ೆಯಲ್ಲೇ ಮುಚ್ಚಿಹೋಗುತ್ತದೆ. ಸುಶ್ರುತನ ಕೆನ್ನೆ ಹೀಗೆ ಇವತ್ತಿಗೂ ಬಳಕೆಯಲ್ಲಿದೆ. ಕುಷ್ಠರೋಗದಲ್ಲಿ ಕುಸಿದ ಮೂಗಿನ ಕಥೆ ಬೇರೆ. ಅಲ್ಲಿ ಹೊರಚರ್ಮ ಉಳಿದಿರುತ್ತದೆ, ಒಳಪೊರೆ ಮತ್ತು ಆಧಾರ ಹೋಗಿರುತ್ತವೆ. ಅಂಥವರ ಹಣೆ ಕೊಯ್ಯದೆ ಒಳಗಿನಿಂದಲೇ ಕಸಿ ಮಾಡಿ ಎತ್ತಬೇಕು. ಏನು ಹೋಗಿದೆ ಎಂದು ಮೊದಲು ಸರಿಯಾಗಿ ನೋಡುವುದು, ಹೋದದ್ದನ್ನಷ್ಟೇ ತಂದಿಡುವುದು, ಈ ವಿದ್ಯೆಯಲ್ಲಿ ಅರ್ಧ ಕೆಲಸ ಅದೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಮಾಡಿದ ಆಪರೇಷನ್‌ಗಳನ್ನು ಬರೆದಿಡಿ, ಕೆಟ್ಟದ್ದನ್ನೂ ಬರೆಯಿರಿ, ಕನ್ನಡದಲ್ಲಿಯೂ ಬರೆಯಿರಿ. ಪುಣೆಯ ಆ ಕಸುಬುದಾರನ ವಿದ್ಯೆ ಬದುಕಿದ್ದು ಯಾರೋ ಒಬ್ಬರು ಪತ್ರ ಬರೆದದ್ದರಿಂದ.

ಉಳಿದವರಲ್ಲಿ ನನ್ನ ಬೇಡಿಕೆ ಇಷ್ಟು. ಮೂಗಿನ ಮೇಲೆ ಒಂದು ತಿಂಗಳಾದರೂ ಮಾಯದ ಹುಣ್ಣು ಅಥವಾ ಕಪ್ಪು ಗಂಟು ಇದ್ದರೆ ಎಣ್ಣೆ ಹಚ್ಚುತ್ತ ಕೂರಬೇಡಿ, ವೈದ್ಯರಿಗೆ ತೋರಿಸಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ರೇಬಿಸ್ ಚುಚ್ಚುಮದ್ದು ಹಾಕಿಸಿ. ಮೂಗಿನ ತುಂಡು ಕತ್ತರಿಸಿ ಬಿದ್ದಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸ್ ಮೇಲಿಟ್ಟು ತನ್ನಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು. ಇನ್ನು, ಮುಖ ಮುಚ್ಚಿಕೊಂಡು ಮನೆಯೊಳಗೇ ಉಳಿದವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ, ಇಂಥದೊಂದು ಆಪರೇಷನ್ ಇದೆ ಎಂದು ಅವರಿಗೆ ಹೇಳಿ. ಎಷ್ಟು ವರ್ಷ ಕಳೆದಿದ್ದರೂ ಮೂಗು ಕಟ್ಟಬಹುದು. ಜಿಲ್ಲಾ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು, ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಸರ್ಕಾರಿ ಆಸ್ಪತ್ರೆಗೆ ಅವರನ್ನು ನೀವೇ ಜೊತೆಗೂಡಿ ಕರೆದುಕೊಂಡು ಬನ್ನಿ.